ಮೊದಲ ವಾಟರ್ ಕೂಲಿಂಗ್ ಗೇಮಿಂಗ್ ಕಂಪ್ಯೂಟರ್: ಯಾವ ಭಾಗಕ್ಕೆ ಎಷ್ಟು ಹಣ ಹಾಕಲಿ?

ಮೇಲ್ಮಹಡಿ, ವಿಜಯನಗರ

ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಲ್ಯಾಪ್‌ಟಾಪ್‌ನಲ್ಲೇ ಕಾಲ ತಳ್ಳಿದ್ದೇನೆ, ಈಗ ಆಟಕ್ಕೆಂದೇ ಒಂದು ಕಂಪ್ಯೂಟರ್ ಜೋಡಿಸಬೇಕೆಂದು ಹೊರಟಿದ್ದೇನೆ. ಮನೆ ಮೂರನೇ ಮಹಡಿಯಲ್ಲಿದೆ, ಅದರ ಮೇಲೆ ನೇರ ತಾರಸಿ. ಏಪ್ರಿಲ್ ತಿಂಗಳಲ್ಲಿ ರಾತ್ರಿ ಹತ್ತಾದರೂ ಛಾವಣಿಯಿಂದ ಕಾವು ಇಳಿಯುತ್ತಲೇ ಇರುತ್ತದೆ. ಎಸಿ ಇಲ್ಲ. ಅದಕ್ಕೇ ವಾಟರ್ ಕೂಲಿಂಗ್ (ಕೊಳವೆಯಲ್ಲಿ ನೀರು ಸುತ್ತಿಸಿ ಚಿಪ್‌ನ ಶಾಖ ಸಾಗಿಸುವ ವ್ಯವಸ್ಥೆ) ಹಾಕಿದರೆ ಯಂತ್ರ ತಣ್ಣಗಿರುತ್ತದೆ, ಫ್ಯಾನ್ ಸದ್ದೂ ತಗ್ಗುತ್ತದೆ ಎಂದುಕೊಂಡಿದ್ದೇನೆ.

ಕೈಯಲ್ಲಿರುವುದು ಎರಡು ಲಕ್ಷ ರೂಪಾಯಿ. 1440ಪಿ ಮಾನಿಟರ್ ಈಗಾಗಲೇ ಇದೆ. ಯೋಚಿಸಿರುವ ಪಟ್ಟಿ: ರೈಜನ್ 7 7800ಎಕ್ಸ್‌3ಡಿ ಪ್ರೊಸೆಸರ್, ಆರ್‌ಟಿಎಕ್ಸ್ 5070 ಗ್ರಾಫಿಕ್ಸ್ ಕಾರ್ಡ್, 650 ವ್ಯಾಟ್ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ), ಪ್ರೊಸೆಸರ್‌ಗೆ ಮಾತ್ರ ಕಸ್ಟಮ್ ಲೂಪ್ (ಬಿಡಿಭಾಗ ಕೊಂಡು ನಾವೇ ಜೋಡಿಸುವ ನೀರಿನ ಸುತ್ತು), 240 ಮಿಲಿಮೀಟರ್ ಅಳತೆಯ ರೇಡಿಯೇಟರ್ (ನೀರಿನ ಶಾಖವನ್ನು ಗಾಳಿಗೆ ಬಿಡುವ ಭಾಗ), ಗಟ್ಟಿ ಟ್ಯೂಬ್, ತಿಳಿನೀಲಿ ಬಣ್ಣದ ಕೂಲೆಂಟ್ (ಒಳಗೆ ಸುತ್ತುವ ದ್ರವ). ಎಲ್ಲಿ ಕತ್ತರಿ ಹಾಕಲಿ, ಎಲ್ಲಿ ಸೇರಿಸಲಿ, ದಯವಿಟ್ಟು ತಿಳಿದವರು ಹೇಳಿ.

ತಾಮ್ರದ ಕೊಳವೆ

ಪಟ್ಟಿ ನೋಡಿದೆ. ಶಾಖ ಎಲ್ಲಿ ಹೆಚ್ಚು ಹುಟ್ಟುತ್ತದೋ ಅಲ್ಲಿಗೆ ನೀರು ಹೋಗಬೇಕು. ನಿಮ್ಮ ಪಟ್ಟಿಯಲ್ಲಿ ಅದು ತಲೆಕೆಳಗಾಗಿದೆ. 7800ಎಕ್ಸ್‌3ಡಿಯ ಕಾಗದದ ಮೇಲಿನ ಲೆಕ್ಕ 120 ವ್ಯಾಟ್, ಆದರೆ ಆಟವಾಡುವಾಗ ಅದು ಸಾಮಾನ್ಯವಾಗಿ 80 ವ್ಯಾಟ್ ಒಳಗೇ ಇರುತ್ತದೆ. ಆರ್‌ಟಿಎಕ್ಸ್ 5070 ಕಾರ್ಡಿನದು 250 ವ್ಯಾಟ್. ಅಂದರೆ ದುಬಾರಿ ನೀರಿನ ವ್ಯವಸ್ಥೆಯನ್ನೆಲ್ಲ ಚಿಕ್ಕ ಒಲೆಗೆ ಕಟ್ಟಿ, ದೊಡ್ಡ ಒಲೆಯನ್ನು ಹಾಗೇ ಬಿಟ್ಟಿದ್ದೀರಿ.

ಆ ಪ್ರೊಸೆಸರ್ ಬಿಸಿಯಾಗಿ ಕಾಣುವುದಕ್ಕೆ ಬೇರೆಯೇ ಕಾರಣವಿದೆ. ಅದರಲ್ಲಿ ಹೆಚ್ಚುವರಿ ಕ್ಯಾಶೆ ಮೆಮೊರಿಯನ್ನು ಕೋರ್‌ಗಳಿರುವ ಚಿಪ್‌ನ ಮೇಲೆ ಕೂರಿಸಿದ್ದಾರೆ. ಶಾಖ ಆ ಪದರವನ್ನು ದಾಟಿಕೊಂಡೇ ಮೇಲೆ ಬರಬೇಕು. ಆದ್ದರಿಂದ ಎಷ್ಟೇ ದೊಡ್ಡ ರೇಡಿಯೇಟರ್ ಹಾಕಿದರೂ ಒಂದು ಹಂತದ ನಂತರ ಉಷ್ಣತೆ ಇಳಿಯುವುದಿಲ್ಲ. 2024ರ ನವೆಂಬರ್‌ನಲ್ಲಿ ಬಂದ 9800ಎಕ್ಸ್‌3ಡಿಯಲ್ಲಿ ಕ್ಯಾಶೆಯನ್ನು ಕೆಳಕ್ಕೆ ಸರಿಸಿದರು, ಹಾಗಾಗಿ ಅಲ್ಲಿ ಈ ತೊಡಕು ಬಹುಮಟ್ಟಿಗೆ ನೀಗಿದೆ.

ಪ್ರೊಸೆಸರ್‌ಗೆ ಮಾತ್ರ ಕಸ್ಟಮ್ ಲೂಪ್ ಎಂದರೂ ಪಂಪ್, ರಿಸರ್ವಾಯರ್ (ನೀರಿನ ತೊಟ್ಟಿ), ಬ್ಲಾಕ್ (ಚಿಪ್ ಮೇಲೆ ಕೂರಿಸಿ ಒಳಗೆ ನೀರು ಹರಿಸುವ ಲೋಹದ ಭಾಗ), ರೇಡಿಯೇಟರ್, ಟ್ಯೂಬ್ ಕೂಡಿಸುವ ಫಿಟ್ಟಿಂಗ್‌ಗಳು ಎಲ್ಲವೂ ಬೇಕೇ ಬೇಕು. ಮೂವತ್ತು ಸಾವಿರ ಸುಲಭವಾಗಿ ದಾಟುತ್ತದೆ. ಆ ಹಣವನ್ನು 5070ರಿಂದ 5070 ಟಿಐಗೆ ಏರಲು ಹಾಕಿ. 12 ಜಿಬಿ ಇದ್ದ ವಿಡಿಯೊ ಮೆಮೊರಿ 16 ಜಿಬಿ ಆಗುತ್ತದೆ, ಆಟ ಎದ್ದುಕಾಣುವಷ್ಟು ವೇಗವಾಗುತ್ತದೆ. ನೀರಿನಿಂದ ಅಷ್ಟು ಫ್ರೇಮ್‌ಗಳು (ಸೆಕೆಂಡಿಗೆ ತೆರೆಯ ಮೇಲೆ ಮೂಡುವ ಚಿತ್ರಗಳು) ಯಾವ ಕಾಲಕ್ಕೂ ಸಿಗುವುದಿಲ್ಲ. ಈ ಪ್ರೊಸೆಸರ್‌ಗೆ ಮೂರು ನಾಲ್ಕು ಸಾವಿರ ರೂಪಾಯಿಯ, ಫ್ಯಾನ್ ಗಾಳಿಯಿಂದ ಚಿಪ್ ತಣಿಸುವ ಎರಡು ಗೋಪುರದ ಏರ್ ಕೂಲರ್ ಧಾರಾಳವಾಗಿ ಸಾಕು.

ಗಾಜಿನ ಬದಿ, ಜಯನಗರ

ತಾಮ್ರದ ಕೊಳವೆಯವರ ಲೆಕ್ಕ ಸರಿ, ತೀರ್ಮಾನಕ್ಕೆ ಮಾತ್ರ ನನ್ನ ಸಹಮತವಿಲ್ಲ. ಮೇಲ್ಮಹಡಿಯವರು ಕೇಳಿದ್ದು ವಾಟರ್ ಕೂಲಿಂಗ್ ಬಗ್ಗೆ, ತಾಮ್ರದ ಕೊಳವೆಯವರೇ, ನೀವು ಏರ್ ಕೂಲರ್ ತೆಗೆದುಕೊಳ್ಳಿ ಎಂದು ಮನೆಗೆ ಕಳಿಸುತ್ತಿದ್ದೀರಿ. ಎಲ್ಲವನ್ನೂ ಫ್ರೇಮ್ ಎಣಿಸಿ ನಿರ್ಧರಿಸಬೇಕಾಗಿಲ್ಲ. ಟ್ಯೂಬ್ ಅಳೆದು, ಬಗ್ಗಿಸಿ, ಕೂಡಿಸಿ, ಮೊದಲ ಬಾರಿಗೆ ರಿಸರ್ವಾಯರ್‌ನಲ್ಲಿ ನೀರು ಸುಳಿ ಸುತ್ತುವುದನ್ನು ನೋಡುವ ಸಂತೋಷಕ್ಕೂ ಬೆಲೆಯಿದೆ. ಅದೊಂದು ಕೈಕಸುಬು, ನಾನು ಅದನ್ನು ತುಂಬ ಪ್ರೀತಿಸುತ್ತೇನೆ.

ಆದರೂ ಮೊದಲ ಬಾರಿಗೆ ಗಟ್ಟಿ ಟ್ಯೂಬ್ ಬೇಡ ಎಂದು ನಾನೂ ಹೇಳುತ್ತೇನೆ. ಪಿಇಟಿಜಿ ಎಂಬ ಪ್ಲಾಸ್ಟಿಕ್‌ನ ಟ್ಯೂಬ್ ಬಗ್ಗಿಸುವುದು ಸುಲಭ, ಆದರೆ ನೀರಿನ ಉಷ್ಣತೆ 60 ಡಿಗ್ರಿಯ ಹತ್ತಿರ ಹೋದರೆ ಮೆತ್ತಗಾಗಿ ಫಿಟ್ಟಿಂಗ್‌ನಿಂದ ಜಾರಬಹುದು. ಪಂಪ್ ನಿಂತ ದಿನ ಆ ಮಟ್ಟ ಮುಟ್ಟುವುದು ಕಷ್ಟವಲ್ಲ. ಅಕ್ರಿಲಿಕ್ ಇದಕ್ಕಿಂತ ಶಾಖ ತಡೆಯುತ್ತದೆ, ಆದರೆ ಕತ್ತರಿಸುವಾಗ ಸೀಳುತ್ತದೆ. ಮೃದು ಟ್ಯೂಬ್‌ನಲ್ಲಿ ಈ ಎರಡು ತಲೆನೋವೂ ಇಲ್ಲ. ಅದರಲ್ಲೂ ಕಪ್ಪು ಇಪಿಡಿಎಂ ರಬ್ಬರ್ ತೆಗೆದುಕೊಳ್ಳಿ. ಪಾರದರ್ಶಕ ಪಿವಿಸಿ ಟ್ಯೂಬ್‌ನಿಂದ ಕಾಲಕ್ರಮೇಣ ಪ್ಲಾಸ್ಟಿಸೈಜರ್ (ಅದನ್ನು ಮೆತ್ತಗಿಡಲು ಸೇರಿಸಿದ ರಾಸಾಯನಿಕ) ಬಿಟ್ಟುಕೊಂಡು ಬ್ಲಾಕ್‌ನೊಳಗೆ ಜಿಡ್ಡಾಗಿ ಕೂರುತ್ತದೆ.

ಹವಾ ಯಂತ್ರ, ರಾಜಾಜಿನಗರ

ನಾನು ಎಸಿ, ಫ್ರಿಜ್ ಕೆಲಸದವನು. ಗೇಮಿಂಗ್ ಬಗ್ಗೆ ಹೆಚ್ಚು ತಿಳಿಯದು, ಮಗನಿಗಾಗಿ ಇಲ್ಲಿ ಓದುತ್ತಿರುತ್ತೇನೆ. ಪ್ರಶ್ನೆ ಕೇಳಿದವರು ಕೋಣೆಯ ಬಗ್ಗೆ ಬರೆದ ಮಾತಿಗೆ ಯಾರೂ ಉತ್ತರಿಸಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನೀರು ಎಂದ ಕೂಡಲೇ ತಂಪು ಎಂಬ ಭಾವನೆ ಬರುವುದು ಮಡಕೆಯ ನೀರು ಕುಡಿದು ಬೆಳೆದ ನಮಗೆ ಸಹಜ. ಮಡಕೆಯಲ್ಲಿ ನೀರು ಹೊರಮೈಯಿಂದ ಆವಿಯಾಗುತ್ತದೆ, ಅದರಿಂದ ತಂಪು. ಕಂಪ್ಯೂಟರ್‌ನ ನೀರು ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತದೆ, ಆವಿಯಾಗುವ ದಾರಿಯೇ ಇಲ್ಲ. ಅದು ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಯಲಾರದು. ಕೋಣೆ 34 ಡಿಗ್ರಿ ಇದ್ದರೆ ನೀರು ಅದಕ್ಕಿಂತ ಮೇಲೇ ಇರುತ್ತದೆ, ಚಿಪ್ ನೀರಿಗಿಂತಲೂ ಮೇಲೆ. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಇಲ್ಲಿ ತಂಪು ಹವೆ ಎಂದು ನಂಬಿ ಲೆಕ್ಕ ಹಾಕುವ ಕಾಲ ಹೋಯಿತು.

ಇನ್ನೊಂದು ವಿಷಯ. ನೀರು ಹಾಕಿದರೂ ಗಾಳಿ ಹಾಕಿದರೂ ಯಂತ್ರ ಎಳೆದ 400 ವ್ಯಾಟ್ ಕೊನೆಗೆ ಕೋಣೆಯೊಳಗೇ ಬೀಳುತ್ತದೆ. ಬಾಗಿಲು ಹಾಕಿಕೊಂಡು ಮೂರು ಗಂಟೆ ಆಡಿದರೆ ಸಣ್ಣ ಹೀಟರ್ ಹಚ್ಚಿಟ್ಟಂತೆಯೇ. ಸ್ನಾನದ ಮನೆಗೆ ಹಾಕುವಂಥ ಒಂದು ಎಕ್ಸಾಸ್ಟ್ ಫ್ಯಾನನ್ನು ಕಿಟಕಿಯ ಮೇಲ್ಭಾಗಕ್ಕೆ ಕೂರಿಸಿ, ಎದುರಿನ ಬಾಗಿಲು ತೆರೆದಿಡಿ. ಸಂಜೆಯ ನಂತರ ಹೊರಗಿನ ಗಾಳಿ ಒಳಗಿಗಿಂತ ತಂಪಾಗಿರುತ್ತದೆ. ಎರಡು ಸಾವಿರ ರೂಪಾಯಿಯೊಳಗೆ ಮುಗಿಯುವ ಈ ಕೆಲಸ, ಇಪ್ಪತ್ತು ಸಾವಿರದ ರೇಡಿಯೇಟರ್ ಮಾಡದ ಉಪಕಾರ ಮಾಡುತ್ತದೆ.

ಬಸವನಗುಡಿ ಮೇಷ್ಟ್ರು

ಮೇಲಿನವರ ಮಾತು ನೂರಕ್ಕೆ ನೂರು ಸರಿ. ಭೌತಶಾಸ್ತ್ರ ಪಾಠ ಮಾಡುವವನಾದ್ದರಿಂದ ಅದಕ್ಕೆ ಒಂದೆರಡು ಅಂಕಿ ಸೇರಿಸುತ್ತೇನೆ.

ಒಂದು ಕಿಲೋ ನೀರಿನ ಉಷ್ಣತೆ ಒಂದು ಡಿಗ್ರಿ ಏರಬೇಕಾದರೆ ಸುಮಾರು 4,180 ಜೂಲ್ ಬೇಕು. ನಿಮಿಷಕ್ಕೆ ಒಂದು ಲೀಟರ್ ಹರಿಯುವ ನೀರಿಗೆ 70 ವ್ಯಾಟ್ ಕೊಟ್ಟರೆ ಅದು ಒಂದು ಡಿಗ್ರಿ ಏರುತ್ತದೆ. ನಿಮಿಷಕ್ಕೆ ನಾಲ್ಕು ಲೀಟರ್ ಹರಿಯುವ ಲೂಪ್‌ಗೆ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಸೇರಿ 400 ವ್ಯಾಟ್ ಕೊಟ್ಟರೂ, ಒಳಹೋಗುವ ನೀರಿಗೂ ಹೊರಬರುವ ನೀರಿಗೂ ಇರುವ ಅಂತರ ಒಂದೂವರೆ ಡಿಗ್ರಿಯಷ್ಟೂ ಇಲ್ಲ. ಮೊದಲು ಯಾವುದಕ್ಕೆ ನೀರು ಹೋಗಬೇಕು, ಮಧ್ಯದಲ್ಲಿ ರೇಡಿಯೇಟರ್ ಇರಬೇಕೆ ಎಂದು ಜನ ಗಂಟೆಗಟ್ಟಲೆ ವಾದಿಸುತ್ತಾರೆ. ಅದರ ಅಗತ್ಯವೇ ಇಲ್ಲ, ಟ್ಯೂಬ್ ನೇರವಾಗಿ ಬರುವ ದಾರಿಯಲ್ಲಿ ಜೋಡಿಸಿ. ರಿಸರ್ವಾಯರ್ ಮಾತ್ರ ಪಂಪ್‌ಗಿಂತ ಮೇಲಿರಲಿ, ಪಂಪ್‌ನೊಳಗೆ ನೀರಿಲ್ಲದೆ ಅದನ್ನು ಒಂದು ಕ್ಷಣವೂ ಓಡಿಸಬಾರದು.

ಅದೇ ಲೆಕ್ಕ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ಇಡೀ ಲೂಪ್‌ನಲ್ಲಿ ಒಂದು ಲೀಟರ್ ನೀರಿದ್ದು ರೇಡಿಯೇಟರ್ ಫ್ಯಾನ್‌ಗಳು ನಿಂತುಹೋದರೆ, 400 ವ್ಯಾಟ್ ಶಾಖಕ್ಕೆ ನೀರು ನಿಮಿಷಕ್ಕೆ ಆರು ಡಿಗ್ರಿಯ ಹತ್ತಿರ ಏರತೊಡಗುತ್ತದೆ. ಆದ್ದರಿಂದ ನೀರಿನ ಉಷ್ಣತೆ ಅಳೆಯುವ ಸಣ್ಣ ಸೆನ್ಸರ್ ಒಂದನ್ನು ಬಿಡಬೇಡಿ. ಫ್ಯಾನ್ ವೇಗವನ್ನು ಪ್ರೊಸೆಸರ್‌ನ ಉಷ್ಣತೆಗೆ ಕಟ್ಟಿದರೆ ಪ್ರತಿ ಸಲ ಬ್ರೌಸರ್ ತೆರೆದಾಗಲೂ ಫ್ಯಾನ್‌ಗಳು ಗುಯ್‌ಗುಟ್ಟುತ್ತವೆ, ನೀರಿನ ಉಷ್ಣತೆಗೆ ಕಟ್ಟಿದರೆ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತವೆ. ಸದ್ದು ಕಡಿಮೆಯಾಗಬೇಕು ಎಂದು ಬರೆದಿದ್ದೀರಲ್ಲ, ಅದು ನಿಜವಾಗಿ ಸಾಧ್ಯವಾಗುವುದು ಇಲ್ಲಿ.

ನಮ್ಮೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಗಾಳಿಯ ಸಾಂದ್ರತೆ ಚೆನ್ನೈಗಿಂತ ಶೇಕಡ ಹತ್ತರಷ್ಟು ಕಡಿಮೆ. ಏರ್ ಕೂಲರ್ ಆಗಲಿ ರೇಡಿಯೇಟರ್ ಆಗಲಿ, ಅದೇ ವೇಗದ ಫ್ಯಾನ್ ಇಲ್ಲಿ ಸ್ವಲ್ಪ ಕಡಿಮೆ ಶಾಖ ಸಾಗಿಸುತ್ತದೆ. ಒಂದು ಅಳತೆ ದೊಡ್ಡದನ್ನೇ ಆರಿಸಿ ಎನ್ನಲು ಇದೂ ಒಂದು ಕಾರಣ.

ಮೇಲ್ಮಹಡಿ, ವಿಜಯನಗರ

ಎಲ್ಲರಿಗೂ ಧನ್ಯವಾದಗಳು. ಹವಾ ಯಂತ್ರ ಸರ್, ಕೋಣೆಯ ವಿಷಯ ನನಗೆ ಹೊಳೆದೇ ಇರಲಿಲ್ಲ, ಮನೆ ಮಾಲೀಕರನ್ನು ಕೇಳಿ ಎಕ್ಸಾಸ್ಟ್ ಹಾಕಿಸುತ್ತೇನೆ. 5070 ಟಿಐ ತೆಗೆದುಕೊಳ್ಳುವುದೆಂದು ಮನಸ್ಸು ಮಾಡಿದ್ದೇನೆ. ಆದರೆ ನೀರಿನ ಆಸೆ ಪೂರ್ತಿ ಬಿಡಲು ಮನಸ್ಸಿಲ್ಲ. ಎಐಒ (ಸಿದ್ಧವಾಗಿ ಸಿಗುವ ವಾಟರ್ ಕೂಲರ್) ಹಾಕಬಹುದೇ? ಹಾಕಿದರೆ ಯಾವ ಅಳತೆ? ನೀರು ಮುಗಿದರೆ ಏನು ಮಾಡುವುದು? ಮನೆಯ ಆರ್‌ಒ ನೀರು ತುಂಬಬಹುದೇ?

ತಾಮ್ರದ ಕೊಳವೆ

ಎಐಒ ಒಳ್ಳೆಯ ಮಧ್ಯದಾರಿ. ಪಂಪ್, ಬ್ಲಾಕ್, ರೇಡಿಯೇಟರ್ ಎಲ್ಲ ಕಾರ್ಖಾನೆಯಲ್ಲೇ ಕೂಡಿಸಿ, ನೀರು ತುಂಬಿ ಮುಚ್ಚಿದ್ದು. ನಿಮಗೆ 240 ಸಾಕು, 360 ಹಾಕಿದರೆ ಫ್ಯಾನ್‌ಗಳು ಇನ್ನೂ ನಿಧಾನವಾಗಿ ತಿರುಗಬಹುದು. ಮುಂದೆ ಯಾವತ್ತಾದರೂ ಗರಿಷ್ಠ 253 ವ್ಯಾಟ್ ಎಳೆಯುವ ಇಂಟೆಲ್‌ನ ಐ7-14700ಕೆ ಥರದ ಪ್ರೊಸೆಸರ್‌ಗೆ ಹೋಗುವಿರಾದರೆ 360 ಅಗತ್ಯ, ಈಗ ಅದು ಬರೀ ಸೌಕರ್ಯ.

ಕೊಳ್ಳುವ ಮುಂಚೆ ದಪ್ಪ ನೋಡಿ. ಸಾಮಾನ್ಯ ಎಐಒ ರೇಡಿಯೇಟರ್ 27 ಮಿಲಿಮೀಟರ್ ದಪ್ಪ, ಅದಕ್ಕೆ 25 ಮಿಲಿಮೀಟರ್ ಫ್ಯಾನ್ ಸೇರುತ್ತದೆ. ಆರ್ಕ್ಟಿಕ್ ಲಿಕ್ವಿಡ್ ಫ್ರೀಜರ್ 3 ಎಂಬ ಎಐಒ ತಂಪು ಮಾಡುವುದರಲ್ಲಿ ಬಹಳ ಚೆನ್ನಾಗಿದೆ, ಆದರೆ ಅದರ ರೇಡಿಯೇಟರ್ ಒಂದೇ 38 ಮಿಲಿಮೀಟರ್, ಫ್ಯಾನ್ ಸೇರಿ 63. ಕ್ಯಾಬಿನೆಟ್ ಮೇಲ್ಭಾಗದಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಎತ್ತರದ ರ‍್ಯಾಮ್‌ಗೋ ಮದರ್‌ಬೋರ್ಡಿನ ಹೀಟ್‌ಸಿಂಕ್‌ಗೋ ತಗಲುತ್ತದೆ. ಕ್ಯಾಬಿನೆಟ್ 360 ಹಿಡಿಸುತ್ತದೆ ಎಂದು ಬರೆದಿರುವುದು ಉದ್ದದ ಮಾತು, ದಪ್ಪದ್ದಲ್ಲ.

ಕೂರಿಸುವಾಗ ರೇಡಿಯೇಟರ್ ಮೇಲೆ, ಪಂಪ್ ಕೆಳಗೆ. ಒಳಗೆ ಯಾವಾಗಲೂ ಒಂದಿಷ್ಟು ಗಾಳಿಯಿರುತ್ತದೆ, ಅದು ಎತ್ತರದ ಜಾಗಕ್ಕೆ ಹೋಗಿ ಸೇರುತ್ತದೆ. ಪಂಪ್ ಎಲ್ಲಕ್ಕಿಂತ ಮೇಲಿದ್ದರೆ ಗಾಳಿ ಅಲ್ಲೇ ಸೇರಿ ಗಲಗಲ ಸದ್ದು ಬರುತ್ತದೆ, ಪಂಪ್ ಬೇಗ ಸವೆಯುತ್ತದೆ.

ನೀರು ತುಂಬುವ ಯೋಚನೆ ಬಿಡಿ. ಬಹುತೇಕ ಎಐಒಗಳಲ್ಲಿ ರೇಡಿಯೇಟರ್ ಅಲ್ಯೂಮಿನಿಯಂ, ತಳದ ತಟ್ಟೆ ತಾಮ್ರ. ಈ ಎರಡು ಲೋಹಗಳು ಒಂದೇ ನೀರಿನಲ್ಲಿದ್ದರೆ ಅಲ್ಯೂಮಿನಿಯಂ ಕರಗತೊಡಗುತ್ತದೆ. ಅದನ್ನು ತಡೆಯುವ ರಾಸಾಯನಿಕ ಕಾರ್ಖಾನೆಯ ದ್ರವದಲ್ಲೇ ಇರುತ್ತದೆ. ಬಿಚ್ಚಿ ಬೇರೆ ನೀರು ತುಂಬಿದರೆ ಆ ರಕ್ಷಣೆ ಹೋಯಿತು, ವಾರಂಟಿಯೂ ಹೋಯಿತು. ಎಐಒ ಎಂದರೆ ಐದಾರು ವರ್ಷ ದುಡಿಸಿ ಬದಲಿಸುವ ವಸ್ತು ಎಂದೇ ಲೆಕ್ಕ ಇಟ್ಟುಕೊಳ್ಳಿ.

ಎಸ್.ಪಿ. ರಸ್ತೆ ಕೌಂಟರ್

ಸಾದರ ಪತ್ರಪ್ಪ ರಸ್ತೆಯ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಜೋಡಿಸುವ ಕೆಲಸ ನನ್ನದು. ನೀರಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಅದರ ಪರಿಣಾಮ ಬಂದು ಬೀಳುವುದು ನಮ್ಮ ಮೇಜಿನ ಮೇಲೆ.

ಕಸ್ಟಮ್ ಲೂಪ್‌ಗೆ ಕೊಳವೆಬಾವಿ ನೀರು ಖಂಡಿತ ಬೇಡ, ನಮ್ಮೂರಿನ ಬೋರ್ ನೀರು ಗಡಸು, ಬಿಳಿ ಪೊರೆ ಕಟ್ಟುತ್ತದೆ. ಕಾವೇರಿ ನೀರೂ ಬೇಡ. ಆರ್‌ಒ ನೀರಿನಲ್ಲೂ ಲವಣ ಪೂರ್ತಿ ಹೋಗಿರುವುದಿಲ್ಲ, ಎಷ್ಟೋ ಯಂತ್ರಗಳು ರುಚಿಗೆಂದು ಖನಿಜವನ್ನು ಮರಳಿ ಸೇರಿಸುತ್ತವೆ. ಇನ್ವರ್ಟರ್‌ಗೆ ಹಾಕುವ ಬ್ಯಾಟರಿ ನೀರು ಅಗ್ಗ, ಆದರೆ ಒಂದೊಂದು ಕ್ಯಾನ್ ಒಂದೊಂದು ಥರ ಇರುತ್ತದೆ. ಪ್ರಯೋಗಾಲಯಕ್ಕೆ ಮಾರುವ ಡಿಸ್ಟಿಲ್ಡ್ ನೀರು, ಅದಕ್ಕೆ ತುಕ್ಕು ತಡೆಯುವ ಮತ್ತು ಪಾಚಿ ತಡೆಯುವ ದ್ರಾವಣ, ಇಲ್ಲವೇ ಸಿದ್ಧ ಪಾರದರ್ಶಕ ಕೂಲೆಂಟ್. ಇಷ್ಟೇ.

ತಿಳಿನೀಲಿ ಬಣ್ಣದ, ಹಾಲಿನಂತೆ ಕಾಣುವ ಕೂಲೆಂಟ್ ಬಗ್ಗೆ ಹೇಳುವೆ. ಆ ಬಣ್ಣ ಬರುವುದು ದ್ರವದಲ್ಲಿ ತೇಲುವ ನುಣ್ಣನೆಯ ಕಣಗಳಿಂದ. ಗಿರಾಕಿಯೊಬ್ಬರು ಪ್ರೊಸೆಸರ್ ನೂರು ಡಿಗ್ರಿ ಮುಟ್ಟುತ್ತಿದೆ ಎಂದು ಯಂತ್ರ ತಂದಿದ್ದರು. ಬ್ಲಾಕ್ ಬಿಚ್ಚಿದೆ. ಒಳಗೆ ತಾಮ್ರದ ರೆಕ್ಕೆಗಳ ನಡುವಿನ ಸಂದು ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ, ಆ ಸಂದುಗಳಿಗೆಲ್ಲ ನೀಲಿ ಹಿಟ್ಟು ಮೆತ್ತಿ ಕಲ್ಲಾಗಿತ್ತು. ಮಧ್ಯದಲ್ಲಿ ಮಾತ್ರ ನೀರು ಹರಿದ ಒಂದು ತೆಳು ಗೆರೆ ಹೊಳೆಯುತ್ತಿತ್ತು. ಮೆದು ಹಲ್ಲುಜ್ಜುವ ಬ್ರಷ್‌ನಲ್ಲಿ, ಗೆರೆಗಳ ಉದ್ದಕ್ಕೆ ಮಾತ್ರ ಉಜ್ಜಬೇಕು, ಅಡ್ಡ ಉಜ್ಜಿದರೆ ರೆಕ್ಕೆ ಬಾಗುತ್ತದೆ. ಬಣ್ಣ ಬೇಕಿದ್ದರೆ ಟ್ಯೂಬ್‌ಗೆ ಬಣ್ಣ ಇರಲಿ, ನೀರಿಗೆ ಬೇಡ.

ಎಸ್‌ಎಂಪಿಎಸ್ ವಿಷಯ: 5070 ಟಿಐ 300 ವ್ಯಾಟ್ ಕಾರ್ಡು, ಅದರ ಚಿಪ್ ಕಂಪನಿ ಎನ್ವಿಡಿಯಾ ಹೇಳುವುದು 750 ವ್ಯಾಟ್ ಎಸ್‌ಎಂಪಿಎಸ್. 850 ತೆಗೆದುಕೊಂಡರೆ ಮುಂದಿನ ಕಾರ್ಡಿಗೂ ಆದೀತು. ಕಾರ್ಡಿನ ಕನೆಕ್ಟರನ್ನು ಕ್ಲಿಕ್ ಎನ್ನುವವರೆಗೆ ಒತ್ತಿ, ಅಂಚಿನಲ್ಲಿ ಸಂದು ಕಾಣಬಾರದು. ಮನೆಗಳಲ್ಲಿರುವ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್‌ನ ಆಸುಪಾಸು. ಆಟದ ಮಧ್ಯೆ ಕರೆಂಟ್ ಹೋದರೆ ಅದು ಈ ಯಂತ್ರವನ್ನು ಹಿಡಿದಿಡದು. ದೊಡ್ಡದನ್ನೇ ಕೊಳ್ಳುವುದಾದರೆ ಪ್ಯೂರ್ ಸೈನ್ ವೇವ್ ಇರುವುದನ್ನು ಕೇಳಿ, ಈಗಿನ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಅಗ್ಗದ ಯುಪಿಎಸ್‌ನ ಚೌಕ ಅಲೆಗೆ ಒಗ್ಗುವುದಿಲ್ಲ.

ರ‍್ಯಾಮ್ ಬೆಲೆ 2025ರ ಕೊನೆಯಲ್ಲಿ ಏರಿದ್ದು ನಿಮಗೂ ಗೊತ್ತಿರಬಹುದು. ಮೊದಲು ಅದರ ದರ ಕೇಳಿ, ಉಳಿದ ಹಣಕ್ಕೆ ಮಿಕ್ಕದ್ದನ್ನು ಹೊಂದಿಸಿ. ಎಲ್ಲ ಬಿಲ್ಲಿನಲ್ಲೂ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಶೇಕಡ 18ರ ಜಿಎಸ್‌ಟಿ ಉಳಿಸುವ ಆಸೆಗೆ ಬಿಲ್ಲಿಲ್ಲದೆ ಕೊಂಡರೆ ನಾಳೆ ವಾರಂಟಿಗೆ ಅಲೆಯುವವರು ನೀವೇ.

ಗಾಜಿನ ಬದಿ, ಜಯನಗರ

ಹಾಗಾದರೆ ಈಗ ಎಐಒ, ಮುಂದೆ ಲೂಪ್ ಎಂದು ಇಟ್ಟುಕೊಳ್ಳೋಣ. ಮುಂದಿನ ದಾರಿ ಮುಚ್ಚದಂತೆ ಈಗಲೇ ಎರಡು ಕೆಲಸ ಮಾಡಿ. ಕ್ಯಾಬಿನೆಟ್ ದೊಡ್ಡದು ಕೊಳ್ಳಿ. ಲಿಯಾನ್ ಲಿ ಒ11 ಡೈನಾಮಿಕ್ ಇವೊ ಥರದ್ದರಲ್ಲಿ ಮೇಲೆ, ಕೆಳಗೆ, ಪಕ್ಕದಲ್ಲಿ ಮೂರು 360 ರೇಡಿಯೇಟರ್‌ಗೆ ಜಾಗವಿದೆ. ಗ್ರಾಫಿಕ್ಸ್ ಕಾರ್ಡ್ ಆರಿಸುವಾಗ ಆ ನಿರ್ದಿಷ್ಟ ಮಾದರಿಗೆ ವಾಟರ್ ಬ್ಲಾಕ್ ಸಿಗುತ್ತದೆಯೇ ನೋಡಿ. 5070 ಟಿಐ ಎಂಬ ಒಂದೇ ಹೆಸರಿನಡಿ ಕಂಪನಿಗಳ ಸರ್ಕ್ಯೂಟ್ ಬೋರ್ಡ್ ಬೇರೆ ಬೇರೆ ಇರಬಹುದು, ಹಾಗಿದ್ದರೆ ಒಂದರ ಬ್ಲಾಕ್ ಇನ್ನೊಂದಕ್ಕೆ ಕೂರದು. ಬ್ಲಾಕ್ ತಯಾರಿಸುವ ಆಲ್ಫಾಕೂಲ್, ಬೈಕ್‌ಸ್ಕಿಯಂಥವರ ಪಟ್ಟಿಯಲ್ಲಿ ನಿಮ್ಮ ಕಾರ್ಡಿನ ಪೂರ್ತಿ ಮಾದರಿ ಹೆಸರನ್ನು ಹೊಂದಿಸಿ ನೋಡಿ. ಕೂಲರ್ ಬಿಚ್ಚಿದರೆ ವಾರಂಟಿ ಉಳಿಯುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ಬರಹದಲ್ಲಿ ಕೇಳಿ.

ಲೂಪ್ ಕಟ್ಟುವ ದಿನ ಬಂದಾಗ: ಎಲ್ಲ ಲೋಹ ತಾಮ್ರ, ಹಿತ್ತಾಳೆ, ನಿಕಲ್ ಲೇಪ ಇವುಗಳಲ್ಲೇ ಇರಲಿ, ಅಗ್ಗಕ್ಕೆ ಸಿಗುವ ಅಲ್ಯೂಮಿನಿಯಂ ರೇಡಿಯೇಟರ್ ಕಡೆ ತಿರುಗಿಯೂ ನೋಡಬೇಡಿ. ಫಿಟ್ಟಿಂಗ್‌ಗಳ ಥ್ರೆಡ್ ಜಿ 1/4 ಎಂಬ ಒಂದೇ ಅಳತೆ, ಟ್ಯೂಬ್‌ನ ಒಳ ಹೊರ ವ್ಯಾಸ ಮಾತ್ರ ಹೊಂದಬೇಕು. 10/16 ಎಂದಿದ್ದರೆ ಟ್ಯೂಬೂ ಫಿಟ್ಟಿಂಗೂ 10/16 ಆಗಿರಲಿ. ಲೆಕ್ಕಕ್ಕಿಂತ ಎರಡು ಫಿಟ್ಟಿಂಗ್ ಹೆಚ್ಚಿಗೆ ತರಿಸಿ. ಅತಿ ಕೆಳಗಿನ ಬಿಂದುವಿನಲ್ಲಿ ಡ್ರೈನ್ ವಾಲ್ವ್ ಇಡಿ, ಇಲ್ಲದಿದ್ದರೆ ನೀರು ಬದಲಿಸುವ ದಿನ ಇಡೀ ಯಂತ್ರವನ್ನು ಬಕೆಟ್ ಮೇಲೆ ಓರೆ ಹಿಡಿಯಬೇಕಾಗುತ್ತದೆ.

ನೀರು ತುಂಬುವ ಮುಂಚೆ ಗಾಳಿ ತುಂಬಿ ಪರೀಕ್ಷಿಸಿ. ಸೈಕಲ್ ಪಂಪಿನಂಥ ಪುಟ್ಟ ಸಾಧನ ಸಿಗುತ್ತದೆ, ಅದಕ್ಕೆ ಒತ್ತಡದ ಮುಳ್ಳು ಇರುತ್ತದೆ. ಅರ್ಧ ಬಾರ್‌ಗೆ ಏರಿಸಿ ಅರ್ಧ ಗಂಟೆ ಬಿಡಿ. ಮುಳ್ಳು ಅಲ್ಲಾಡದಿದ್ದರೆ ಮಾತ್ರ ನೀರು. ನೀರು ತುಂಬಿದ ಮೇಲೂ ಮೊದಲು ಪಂಪ್‌ಗೆ ಮಾತ್ರ ಕರೆಂಟ್ ಕೊಡಿ: ಎಸ್‌ಎಂಪಿಎಸ್‌ನ 24 ಪಿನ್ ಕನೆಕ್ಟರನ್ನೂ ಪ್ರೊಸೆಸರ್‌ನ ವಿದ್ಯುತ್ ಕನೆಕ್ಟರನ್ನೂ ಮದರ್‌ಬೋರ್ಡ್‌ನಿಂದ, ಹಾಗೆಯೇ ಗ್ರಾಫಿಕ್ಸ್ ಕಾರ್ಡಿನ ಕನೆಕ್ಟರನ್ನು ಕಾರ್ಡಿನಿಂದ ಬಿಡಿಸಿ, 24 ಪಿನ್‌ಗೆ ಅದಕ್ಕೆಂದೇ ಸಿಗುವ ಜಂಪರ್ (ಎಸ್‌ಎಂಪಿಎಸ್ ಚಾಲೂ ಮಾಡುವ ಪುಟ್ಟ ಪ್ಲಗ್) ಹಾಕಿ. ಪ್ರತಿ ಫಿಟ್ಟಿಂಗ್ ಕೆಳಗೆ ಟಿಶ್ಯೂ ಕಾಗದ ಸುತ್ತಿಡಿ. ಒಂದು ಹನಿ ಬಂದರೂ ಬಿಳಿ ಕಾಗದದ ಮೇಲೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ವಿದ್ಯುತ್ ಹರಿಯದ ಕೂಲೆಂಟ್ ಎಂಬ ಜಾಹೀರಾತು ನಂಬಿ ಈ ಹಂತ ತಪ್ಪಿಸಬೇಡಿ, ಲೂಪ್‌ನಲ್ಲಿ ಕೆಲವು ದಿನ ಸುತ್ತಿದ ಮೇಲೆ ಯಾವ ನೀರೂ ಅಷ್ಟು ಶುದ್ಧವಾಗಿ ಉಳಿಯುವುದಿಲ್ಲ.

ಮೇಲ್ಮಹಡಿ, ವಿಜಯನಗರ

ಬರೆದಿಟ್ಟುಕೊಂಡೆ. ಪಟ್ಟಿ ಈಗ ಹೀಗಿದೆ: 7800ಎಕ್ಸ್‌3ಡಿ, ಬ್ಲಾಕ್ ಸಿಗುವ ಮಾದರಿಯ 5070 ಟಿಐ, 850 ವ್ಯಾಟ್ ಎಸ್‌ಎಂಪಿಎಸ್, 27 ಮಿಲಿಮೀಟರ್ ದಪ್ಪದ 360 ಎಐಒ, ದೊಡ್ಡ ಕ್ಯಾಬಿನೆಟ್, ಕಿಟಕಿಗೆ ಎಕ್ಸಾಸ್ಟ್. ಯುಪಿಎಸ್ ಮುಂದಿನ ತಿಂಗಳ ಸಂಬಳಕ್ಕೆ. ಎರಡು ಲಕ್ಷ ಸ್ವಲ್ಪ ಮೀರಬಹುದು, ಹಾಗಾದರೆ 360 ಬಿಟ್ಟು 240ಕ್ಕೆ ಇಳಿಯುತ್ತೇನೆ, ಕಾರ್ಡ್ ಮಾತ್ರ ಬಿಡುವುದಿಲ್ಲ. ಭಾನುವಾರ ಎಸ್.ಪಿ. ರಸ್ತೆಗೆ ಬಂದರೆ ಎಲ್ಲವೂ ಒಂದೇ ಸಲ ಸಿಕ್ಕೀತೇ?

ಎಸ್.ಪಿ. ರಸ್ತೆ ಕೌಂಟರ್

ಭಾನುವಾರ ಬೇಡ, ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ವಾರದ ದಿನ ಬೆಳಗ್ಗೆ ಬನ್ನಿ. ಗಾಡಿ ನಿಲ್ಲಿಸಲು ಜಾಗ ಸಿಗದು, ಮೆಟ್ರೊದಲ್ಲಿ ಚಿಕ್ಕಪೇಟೆ ಅಥವಾ ಕೆ.ಆರ್. ಮಾರುಕಟ್ಟೆ ನಿಲ್ದಾಣಕ್ಕೆ ಇಳಿದು ನಡೆಯಿರಿ. ಕ್ಯಾಬಿನೆಟ್ ಡಬ್ಬ ದೊಡ್ಡದು, ಹಿಂದಿರುಗುವಾಗ ಆಟೊ ಮಾಡಿಕೊಳ್ಳಿ. ಮತ್ತು ಎಐಒ ಪಂಪಿನ ವೈರನ್ನು ಮದರ್‌ಬೋರ್ಡಿನ ಪಂಪ್ ಹೆಡರ್‌ಗೆ (ವೈರ್ ಚುಚ್ಚುವ ಪಿನ್‌ಗಳ ಜಾಗ), ರೇಡಿಯೇಟರ್ ಫ್ಯಾನಿನ ವೈರನ್ನು ಸಿಪಿಯು ಫ್ಯಾನ್ ಹೆಡರ್‌ಗೆ ಹಾಕಿ. ಸಿಪಿಯು ಫ್ಯಾನ್ ಹೆಡರ್ ಖಾಲಿ ಬಿಟ್ಟರೆ ಎಷ್ಟೋ ಬೋರ್ಡ್‌ಗಳು ಫ್ಯಾನ್ ಇಲ್ಲವೆಂದು ತಕರಾರು ತೆಗೆದು ಅಲ್ಲೇ ನಿಲ್ಲುತ್ತವೆ.